ಗ್ರೈಂಡರಿಗಾಗಿ ದಂಪತಿ ಓಟ

ಶಿಸ್ತಿನಿಂದ ಬದುಕುವವನನ್ನೇ ಅಧ್ವಾನಗಳು ಹುಡುಕಿಕೊಂಡು ಬರುತ್ತವೆ. ಇದು ನನ್ನ ಅನುಭವ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಶರ್ಟಿನ ಒಂದು ಗುಂಡಿ ಬಿಚ್ಚಿದ್ದರೂ ಹುಡುಗರನ್ನು ಗೇಟಿನಿಂದಲೇ ಮನೆಗೆ ಕಳುಹಿಸಿದವನು. ಇಂಥವನಿಗೆ ಒಂದೇ ಪ್ರಯಾಣದಲ್ಲಿ ಒದಗಿದ ಪ್ರಸಂಗಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ನಗುವವರು ಕೊನೆಯಲ್ಲಿ ನಗಬಹುದು. ನಡುವೆ ಗದ್ದಲ ಬೇಡ.

ಹೊರಡಲು ಕಾರಣ

ನಮ್ಮ ಊರು ಚಿಂತಾಮಣಿ. ನಮ್ಮ ಮನೆಯ ಗ್ರೈಂಡರ್ ಒಂದು ಸಂಜೆ ಹೊಗೆಯುಗುಳಿ ನಿಂತಿತು. ಹೊಸದು ಅನಗತ್ಯವೆಂದು ನಾನು ತೀರ್ಪು ಕೊಟ್ಟೆ. ಹಿತ್ತಲಿನಲ್ಲಿ ಒರಳುಕಲ್ಲು ಇದೆ, ಗಟ್ಟಿಮುಟ್ಟಾಗಿದೆ, ವಿದ್ಯುತ್ತು ಬೇಡುವುದಿಲ್ಲ. ಹೆಂಡತಿ ಸರಿಯೆಂದು ತಲೆಯಾಡಿಸಿದಳು. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ವಾರ ಕಳೆಯುವುದರೊಳಗೆ ಆಕೆ ಫೋನನ್ನು ನನ್ನ ಕನ್ನಡಕದ ಮುಂದೆ ಹಿಡಿದಳು. ಬೆಂಗಳೂರಿನ ಹಲಸೂರಿನಲ್ಲಿ ನಿವಾಸಿಗಳ ಸಂಘವೊಂದು ದಂಪತಿ ಓಟ ಏರ್ಪಡಿಸಿತ್ತು. ಅರುವತ್ತು ದಾಟಿದ ಜೋಡಿಗಳಿಗೆ ಪ್ರತ್ಯೇಕ ವಿಭಾಗ. ಮೊದಲ ಬಹುಮಾನ, ಟೇಬಲ್ ಟಾಪ್ ಗ್ರೈಂಡರ್.

"ಗೆದ್ರೆ ಗ್ರೈಂಡರ್ ಬರುತ್ತೆ," ಎಂದಳು. "ಸೋತ್ರೆ ಇನ್ಮೇಲೆ ದೋಸೆ ಹಿಟ್ಟು ನೀವೇ ರುಬ್ಬಿ. ಕಲ್ಲು ಗಟ್ಟಿಮುಟ್ಟಾಗಿದೆಯಲ್ಲ."

ತೀರ್ಪು ಕೊಟ್ಟವನು ಅದನ್ನು ಪರೀಕ್ಷಿಸಲೂ ಬೇಕು. ಆ ಸಂಜೆ ಒಂದು ಹಿಡಿ ಉದ್ದಿನಬೇಳೆ ಹಾಕಿ ಒರಳಿನ ಮುಂದೆ ಕುಳಿತೆ. ಬೇಳೆ ಹಾಗೆಯೇ ಉಳಿಯಿತು. ನನ್ನ ಸೊಂಟ ನುಣ್ಣಗಾಯಿತು.

ಮರುದಿನ ಬೆಳಗ್ಗೆ ಓಟದ ಅಭ್ಯಾಸ ಆರಂಭಿಸಿದೆ.

ಹೊಸಕೋಟೆಯ ಪೆಟ್ರೋಲ್ ಬಂಕ್

ಮಿತವ್ಯಯ ನನ್ನ ತತ್ವ. ಟೋಲ್ ತಪ್ಪಿಸಲು ಹಳ್ಳಿದಾರಿ ಹಿಡಿದೆ. ಹೋಟೆಲು ತಪ್ಪಿಸಲು ಚಿತ್ರಾನ್ನದ ಡಬ್ಬಿ, ಫ್ಲಾಸ್ಕು, ನೀರಿನ ಕ್ಯಾನು ಕಾರಿಗೇರಿಸಿದೆ. ಕ್ಯಾನು ಉರುಳಬಾರದೆಂದು ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ. ಹೆಂಡತಿ ಹಿಂದಿನ ಸೀಟಿನಲ್ಲಿ, ಹಾಸಿಗೆಯ ಸುರುಳಿಯ ಆಚೆ ಕುಳಿತಳು. ಕನ್ನಡಿಯಲ್ಲಿ ಹಾಸಿಗೆ ಕಾಣುತ್ತಿತ್ತು, ಹೆಂಡತಿ ಕಾಣುತ್ತಿರಲಿಲ್ಲ.

ಒಂದು ವಿಷಯವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ನಡೆಯುವಾಗಲೂ ನಾನು ಮುಂದೆ, ಆಕೆ ಹಿಂದೆ. ತಿರುಗಿ ನೋಡುವ ಅಭ್ಯಾಸ ನನಗಿಲ್ಲ. ಮುಖ್ಯೋಪಾಧ್ಯಾಯನು ಪದೇ ಪದೇ ತಿರುಗಿ ನೋಡಿದರೆ ಸಾಲು ಕೆಡುತ್ತದೆ.

ಹೊಸಕೋಟೆಯಲ್ಲಿ ಪೆಟ್ರೋಲ್ ಹಾಕಿಸಿ ಹೊರಟೆ. ಓಟದ ವಿಷಯದಲ್ಲಿ ಉಪನ್ಯಾಸ ಆರಂಭಿಸಿದೆ. ಉಸಿರನ್ನು ಹೇಗೆ ಉಳಿಸಬೇಕು, ಮೊದಲಿಗೇ ಏಕೆ ಧಾವಿಸಬಾರದು, ತಿರುವಿನಲ್ಲಿ ಯಾವ ಬದಿ ಹಿಡಿಯಬೇಕು. ಆಕೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಮದುವೆಯಾದಂದಿನಿಂದ ಇಷ್ಟು ಶ್ರದ್ಧೆಯಿಂದ ಆಕೆ ನನ್ನ ಮಾತು ಕೇಳಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ವಾಹನಗಳು ನಿಂತವು. ಪಕ್ಕದಲ್ಲಿ ಒಂದು ಸಿಟಿ ಬಸ್ಸು ಬಂದು ನಿಂತಿತು. ಅದರ ಕಿಟಕಿಯಿಂದ ಪರಿಚಿತ ಧ್ವನಿಯೊಂದು ಕೇಳಿಸಿತು.

"ರೀ! ಬಾತ್‌ರೂಮಿಗೆ ಹೋಗಿ ಬರೋವಷ್ಟರಲ್ಲಿ ಹೊರಟೇಬಿಟ್ರಲ್ಲ! ಫೋನು ಬೇರೆ ಕಾರಲ್ಲೇ ಇತ್ತು!"

ಕಿಟಕಿಯಲ್ಲಿ ನನ್ನ ಹೆಂಡತಿ. ನಾನು ಹಾಸಿಗೆಯ ಸುರುಳಿಯನ್ನು ಸರಿಸಿ ನೋಡಿದೆ. ಹಿಂದೆ ಆಕೆಯ ಚೀಲ ಮಾತ್ರ ಇತ್ತು.

"ಇಳಿದು ಬಾ," ಎಂದು ಆಜ್ಞಾಪಿಸಿದೆ.

"ಯಾಕೆ ಇಳೀಲಿ? ಹೆಂಗಸರಿಗೆ ಬಸ್ಸು ಪುಕ್ಕಟೆ. ಕಿಟಕಿ ಸೀಟು ಬೇರೆ ಸಿಕ್ಕಿದೆ. ನೀವು ಪೆಟ್ರೋಲ್ ಸುಟ್ಕೊಂಡು ಹಿಂದೆ ಬನ್ನಿ."

ಕಂಡಕ್ಟರ್ ಬಾಗಿ ನೋಡಿದ. "ಯಾರಮ್ಮ ಅವರು?"

"ನಮ್ಮ ಯಜಮಾನ್ರು. ಖರ್ಚಿನ ಮನುಷ್ಯ."

ಕಮರ್ಷಿಯಲ್ ಸ್ಟ್ರೀಟಿನ ಬೂಟು

ಹಲಸೂರಿನ ಬಸ್ ನಿಲ್ದಾಣದಲ್ಲಿ ಆಕೆಯನ್ನು ಮತ್ತೆ ಕಾರಿಗೆ ಹತ್ತಿಸಿಕೊಂಡೆ. ಕೂಡಲೇ ಆಕೆ ಫೋನಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು, ಶಾಲೆಯ ಕಾಲದಿಂದಲೂ ನಾನು ಸೀಟಿ ತೂಗುಹಾಕಿಕೊಳ್ಳುವಂತೆ.

ಚಪ್ಪಲಿಯಲ್ಲಿ ಓಡಲಾಗದು. ಆದ್ದರಿಂದ ಆಕೆಗೆ ಒಂದು ಜೊತೆ ಬೂಟು ಬೇಕಾಯಿತು. ಅಂಗಡಿಯವನು ಆಕೆಯ ಪಾದವನ್ನು ನೋಡಿದ.

"ಅಮ್ಮಾ, ನಿಮ್ದು ಚೋಟಾ ಪಾದ. ಬಚ್ಚೋಂಕಾ ಸೈಜೇ ಆಗ್ತದೆ."

"ಮಕ್ಕಳದು ಅರ್ಧ ರೇಟಲ್ವಾ?"

"ಅರ್ಧಾಚ್, ಅಮ್ಮಾ."

ಆಕೆಯ ಮುಖ ಅರಳಿತು. ಬೂಟು ಹಾಕಿ ನಾಲ್ಕು ಹೆಜ್ಜೆ ಇಟ್ಟಳು. ಪ್ರತಿ ಹೆಜ್ಜೆಗೂ ಹಿಮ್ಮಡಿಯಲ್ಲಿ ಕೆಂಪು, ಹಸಿರು ದೀಪಗಳು ಮಿನುಗಿದವು.

"ಇದು ಬೆಳಗುತ್ತದೆ," ಎಂದೆ.

"ಬೆಳಗಲಿ ಬಿಡಿ. ಮನೆಗೆ ಒಂದು ಟಾರ್ಚು ಉಳೀತು."

ಮಕ್ಕಳ ಬೂಟಿನೊಂದಿಗೆ ಬಲೂನು ಉಚಿತ. ಉಚಿತವಾದುದನ್ನು ಬಿಟ್ಟು ಬರುವುದು ನಮ್ಮಿಬ್ಬರ ಸ್ವಭಾವದಲ್ಲೂ ಇಲ್ಲ. ಆದರೆ ಆಕೆಯ ಎರಡು ಕೈಗಳಲ್ಲೂ ಚೀಲಗಳಿದ್ದವು. ಹೀಗಾಗಿ ಶನಿವಾರ ಸಂಜೆಯ ಜನಜಂಗುಳಿಯಲ್ಲಿ, ಇಸ್ತ್ರಿ ಮಾಡಿದ ಪೂರ್ಣ ತೋಳಿನ ಶರ್ಟು ಧರಿಸಿ, ಗುಲಾಬಿ ಬಣ್ಣದ ಬಲೂನು ಹಿಡಿದು ನಾನು ಮುಂದೆ ನಡೆದೆ.

ಹಿಂದಿನಿಂದ ಆಕೆ ಕೂಗಿದಳು. "ಈಗ ಎಷ್ಟು ಮುಂದೆ ಬೇಕಾದ್ರೂ ಹೋಗಿ. ಕಾಣಿಸ್ತೀರಿ!"

ನಿಯಮ

ಓಟದ ನಂಬರು ಬರೆದ ಬಟ್ಟೆಯನ್ನು ಹಲಸೂರು ಕೆರೆಯ ಬದಿಯ ಶಾಮಿಯಾನದಲ್ಲಿ ಕೊಡುತ್ತಿದ್ದರು. ಕೊಡುತ್ತಿದ್ದ ಹುಡುಗಿ ನಿಯಮಗಳನ್ನು ಓದಿ ಹೇಳಿದಳು. ನಾನು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ನಿಯಮಗಳೆಂದರೆ ನನಗೆ ಗೌರವ. ಕೊನೆಯ ನಿಯಮ ಬಂತು.

"ಲಾಸ್ಟಲ್ಲಿ ಗಂಡ ಹೆಂಡ್ತಿ ಕೈ ಕೈ ಹಿಡ್ಕೊಂಡು ಗೆರೆ ದಾಟ್ಬೇಕು ಅಂಕಲ್. ಇಲ್ಲಾಂದ್ರೆ ಲೆಕ್ಕಕ್ಕಿಲ್ಲ."

ನಾನು ಸುತ್ತಲೂ ನೋಡಿದೆ. ಜನವೋ ಜನ. ಹೆಂಡತಿ ನೆಲ ನೋಡುತ್ತಿದ್ದಳು. ಆಕೆಗೆ ಇದು ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು.

"ಒಂದು ಕರವಸ್ತ್ರದ ಎರಡು ತುದಿಗಳನ್ನು ಹಿಡಿಯಬಹುದೇ?" ಎಂದು ವಿಚಾರಿಸಿದೆ.

"ಇಲ್ಲ ಅಂಕಲ್, ಕೈನೇ ಹಿಡೀಬೇಕು. ಎಷ್ಟು ಕ್ಯೂಟ್ ಅಲ್ವಾ?"

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಮದುವೆ ದಿನ ಅಷ್ಟು ಜನರ ಮುಂದೆ ಹಿಡ್ಕೊಂಡಿದ್ರಲ್ಲ?"

"ಅದು ಪುರೋಹಿತರ ಆಜ್ಞೆ."

ಬಹಳ ಯೋಚಿಸಿ ಒಂದು ಕ್ರಮ ರೂಪಿಸಿದೆ. ಗೆರೆ ಹತ್ತಿರವಾದಾಗ ನಾನು ಹಿಂದಕ್ಕೆ ಕೈ ಚಾಚುವುದು. ಆಕೆ ಹಿಡಿದುಕೊಳ್ಳುವುದು. ನಾನು ತಿರುಗಿ ನೋಡುವುದಿಲ್ಲ. ಎರಡೇ ಹೆಜ್ಜೆಯಲ್ಲಿ ಮುಗಿಯುತ್ತದೆ.

"ಆಗಲಿ," ಎಂದಳು. "ಒರಳುಕಲ್ಲು ಹಿಡಿಯೋದಕ್ಕಿಂತ ನನ್ನ ಕೈ ಹಿಡಿಯೋದು ಸುಲಭ ಅಂತ ನೆನಪಿಟ್ಕೊಳ್ಳಿ."

ಮರ್ಫಿ ಟೌನಿನ ವಠಾರ

ಲಾಡ್ಜಿನ ಖರ್ಚು ಉಳಿಸಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ತಂಗಿದೆವು. ಮರ್ಫಿ ಟೌನಿನ ವಠಾರವೊಂದರಲ್ಲಿ ಅವನ ಬಾಡಿಗೆ ಮನೆ. ಈಗ ಅವನಿಗೇ ತಲೆ ನರೆತಿದೆ. ನನ್ನನ್ನು ಕಂಡೊಡನೆ ಬಾಯಲ್ಲಿದ್ದ ಎಲೆಅಡಿಕೆಯನ್ನು ನುಂಗಿಬಿಟ್ಟ.

"ಬೇಗ ಮಲಗಬೇಕು, ನಾಳೆ ಓಟವಿದೆ," ಎಂದು ಅವನಿಗೆ ಮಾತ್ರ ಹೇಳಿದ್ದೆ. ಅವನ ಹೆಂಡತಿ ಕಲಬುರಗಿಯ ಕಡೆಯವಳು. ಹೊರಗೆ ಹೋಗಿ ಬಾಗಿಲು ಬಾಗಿಲಿಗೂ ಸಾರಿದಳು. "ಏ ಲೈಟ್ ಆರಸ್ರಿ! ಟಿವಿ ಬಂದ್ ಮಾಡ್ರಿ! ಹೆಡ್‌ಮಾಸ್ತರ್ ಬಂದಾರ!" ಇಡೀ ವಠಾರ ನಿಶ್ಶಬ್ದವಾಯಿತು. ಇದಲ್ಲವೇ ಶಿಸ್ತು ಎಂದುಕೊಂಡೆ.

ಬೆಳಗ್ಗೆ ಕಾಫಿ ಕುಡಿಯುವಾಗ ಅವನು ಗೋಡೆಗೆ ಒರಗಿ ನಿಂತೇ ಇದ್ದ. ಕುಳಿತುಕೊಳ್ಳಲು ಎರಡು ಬಾರಿ ಹೇಳಿದೆ.

"ಪರವಾಗಿಲ್ಲ ಸಾರ್. ಹೈಸ್ಕೂಲು ಪೂರ್ತಿ ನೀವು ನಿಲ್ಸಿದ್ದು ಅಭ್ಯಾಸ ಆಗ್ಬಿಟ್ಟಿದೆ."

ಓಟ

ಕೆರೆಯ ಬದಿಯಿಂದ ಹೊರಟು, ಮರ್ಫಿ ಟೌನ್ ಸುತ್ತಿ, ಮರಳಿ ಕೆರೆಗೆ ಬರಬೇಕು. ನಮ್ಮ ವಿಭಾಗದಲ್ಲಿ ಹತ್ತು ಹನ್ನೆರಡು ಜೋಡಿಗಳು. ಬೆನ್ಸನ್ ಟೌನಿನಿಂದ ಬಂದ ಒಂದು ತೆಳ್ಳಗಿನ ಜೋಡಿ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಓಟ ಆರಂಭವಾಗುವ ಮೊದಲೇ ಕೈ ಹಿಡಿದು ನಿಂತಿತ್ತು. ಅನಗತ್ಯ ಪ್ರದರ್ಶನ.

ಓಟ ಶುರುವಾಯಿತು. ನನ್ನ ಯೋಜನೆಯಂತೆ ನಾನು ಮುಂದೆ, ಆಕೆ ಹಿಂದೆ. ಮರ್ಫಿ ಟೌನಿನ ತಿರುವಿನವರೆಗೆ ಎಲ್ಲವೂ ಕ್ರಮಬದ್ಧವಾಗಿತ್ತು. ಅಲ್ಲಿ ಕಿರಿಯ ದಂಪತಿಗಳ ವಿಭಾಗದ ಮೂವರು ತರುಣರು, ಹೆಂಡತಿಯರನ್ನು ಹಿಂದೆ ಬಿಟ್ಟು, ಅಡ್ಡದಾರಿಯ ಗಲ್ಲಿಗೆ ನುಗ್ಗುತ್ತಿದ್ದುದನ್ನು ಕಂಡೆ. ನೋಡಿಯೂ ಸುಮ್ಮನಿರುವುದು ನನ್ನಿಂದಾಗದು. ಸೀಟಿ ಊದಿ ನಿಲ್ಲಿಸಿದೆ.

"ಸಾಲಾಗಿ ನಿಲ್ಲಿ! ಇದು ಓಟವೋ, ಕಳ್ಳಾಟವೋ?"

"ಏ ಮಗಾ, ಅಂಕಲ್ ಆರ್ಗನೈಸರ್ ಅನ್ಸುತ್ತೆ ಕಣೋ, ನಿಂತ್ಕೋ!"

ಮೂವರೂ ನಿಂತರು. ಹಿಂದೆ ಬಂದವರಲ್ಲೂ ನಾಲ್ಕಾರು ಮಂದಿ ಗಾಬರಿಯಿಂದ ನಿಂತರು. ಎಲ್ಲರಿಗೂ ಬುದ್ಧಿ ಹೇಳಿ, ಸರಿಯಾದ ದಾರಿಗೆ ಹತ್ತಿಸಿ, ಮತ್ತೆ ಓಡತೊಡಗಿದೆ. ಹೆಂಡತಿ ಹಿಂದಿದ್ದಾಳೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆಕೆ ಬೇರೆಲ್ಲಿ ಇರಲು ಸಾಧ್ಯ?

ಕೆರೆ ಕಂಡಿತು. ಗೆರೆ ಕಂಡಿತು. ನಮ್ಮ ವಿಭಾಗದವರು ಯಾರೂ ಇನ್ನೂ ದಾಟಿರಲಿಲ್ಲ. ಎದೆ ಸೆಟೆಸಿ, ಕತ್ತು ನೇರವಾಗಿಸಿ, ನಿರ್ಧರಿಸಿದಂತೆ ಹಿಂದಕ್ಕೆ ಕೈ ಚಾಚಿದೆ. ಒಂದು ಕೈ ಬಂದು ಬಿಗಿಯಾಗಿ ಹಿಡಿಯಿತು. ಸ್ವಲ್ಪ ಒರಟಾಗಿತ್ತು. ಒರಳುಕಲ್ಲಿನ ಪರಿಣಾಮವೆಂದು ಮನಸ್ಸು ಒಂದು ಕ್ಷಣ ಮರುಗಿತು. ಎಳೆದುಕೊಂಡು ಗೆರೆ ದಾಟಿದೆ.

ಮೈಕಿನಲ್ಲಿ ಘೋಷಣೆಯಾಯಿತು. "ನಮ್ಮ ಹೊಸ ದಂಪತಿಗಳಿಗೆ ಜೋರಾದ ಚಪ್ಪಾಳೆ!"

ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆಗ ತಿರುಗಿ ನೋಡಿದೆ. ನನ್ನ ಕೈ ಹಿಡಿದಿದ್ದವರು ದಪ್ಪ ಮೀಸೆಯ, ಭಾರಿ ಹೊಟ್ಟೆಯ ಒಬ್ಬ ಗಂಡಸು.

"ಯಾರು ನೀವು?"

"ನೀವೇ ಕೈ ಚಾಚಿದ್ರಲ್ಲ ಸಾರ್," ಎಂದು ಏದುಸಿರು ಬಿಟ್ಟರು. "ಸುಸ್ತಾಗಿದ್ದೆ. ಪುಣ್ಯಾತ್ಮರು ಎಳ್ಕೊಂಡು ಹೋಗ್ತಾರೆ ಅಂತ ಹಿಡ್ಕೊಂಡೆ. ನಮ್ಮನೆಯವ್ರು ಹಿಂದೆ ಎಳನೀರು ಕುಡೀತಾ ನಿಂತಿದ್ದಾರೆ."

"ನನ್ನ ಹೆಂಡತಿ ಎಲ್ಲಿ?"

ಗೆರೆಗೆ ಮೂರೇ ಹೆಜ್ಜೆ ಮೊದಲು, ರಸ್ತೆಯ ಅಂಚಿನಲ್ಲಿ ಕೆಂಪು, ಹಸಿರು ದೀಪಗಳು ಮಿನುಗಿದವು. ಆಕೆ ಅಲ್ಲಿ ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲು ಕುಣಿಸುತ್ತ ನಿಂತಿದ್ದಳು.

"ನೀವು ಪಾಠ ಮಾಡ್ತಿದ್ದಾಗಲೇ ಮುಂದೆ ಬಂದೆ. ಆವಾಗಿಂದ ಇಲ್ಲೇ ಕಾಯ್ತಿದ್ದೀನಿ. ನನ್ನ ಕಣ್ಣೆದುರಿಗೇ ಆ ಅಣ್ಣನ ಕೈ ಹಿಡ್ಕೊಂಡು ಹೋದ್ರಿ!"

ತೀರ್ಪುಗಾರ ಓಡಿ ಬಂದ. "ಸಾರ್, ಇದು ಲೆಕ್ಕಕ್ಕಿಲ್ಲ. ವಾಪಸ್ ಹೋಗಿ ಮೇಡಂ ಜೊತೆ ದಾಟಿ. ಬೇಗ ಸಾರ್, ಅವರು ಬರ್ತಾ ಇದ್ದಾರೆ!"

ಬೆನ್ಸನ್ ಟೌನಿನ ಜೋಡಿ ತಿರುವು ದಾಟಿ, ಕೈ ಬೀಸುತ್ತ ಬರುತ್ತಿತ್ತು. ನನ್ನ ಕಣ್ಣೆದುರಿಗೆ ಹಿತ್ತಲಿನ ಒರಳುಕಲ್ಲು ಬಂದು ನಿಂತಿತು. ಹಿಂದಕ್ಕೆ ಓಡಿದೆ. ಹೆಂಡತಿಯ ಕೈ ಹಿಡಿದು ಎಳೆದೆ. ಆಕೆ ಕದಲಲಿಲ್ಲ.

"ಮೊದಲು ಮುಖ ನೋಡಿ. ಯಾರು ಅಂತ ಖಾತ್ರಿ ಮಾಡ್ಕೊಳ್ಳಿ."

"ನೀನೇ! ನೀನೇ! ಬಾ!"

"ಸರಿಯಾಗಿ ನೋಡಿ."

ನೋಡಿದೆ. ಸಾವಿರ ಜನರ ನಡುವೆ, ನನ್ನ ವಿದ್ಯಾರ್ಥಿ ಹಗ್ಗದಾಚೆ ಅಟೆನ್ಷನ್‌ನಲ್ಲಿ ನಿಂತಿರುವಾಗ, ಹೆಂಡತಿಯ ಮುಖವನ್ನು ಸರಿಯಾಗಿ ನೋಡಿದೆ. ಆಕೆ ನಗುತ್ತಿದ್ದಳು. ನನಗೂ ನಗು ಬಂದುಬಿಟ್ಟಿತು. ಇಬ್ಬರೂ ನಗುತ್ತಲೇ ಓಡಿದೆವು. ಬೆನ್ಸನ್ ಟೌನಿನವರಿಗಿಂತ ಒಂದೇ ಹೆಜ್ಜೆ ಮುಂದೆ ಗೆರೆ ದಾಟಿದೆವು.

ಗ್ರೈಂಡರ್ ನಮ್ಮದಾಯಿತು.

ವಿದ್ಯಾರ್ಥಿ ಓಡಿ ಬಂದು ತಗ್ಗಿದ ಧ್ವನಿಯಲ್ಲಿ ನೆನಪಿಸಿದ. "ಸಾರ್, ಇನ್ನೂ ಕೈ ಬಿಟ್ಟಿಲ್ಲ ನೀವು."

ಮರಳಿ ಊರಿಗೆ

ನೀರಿನ ಕ್ಯಾನನ್ನು ವಿದ್ಯಾರ್ಥಿಗೆ ದಾನ ಮಾಡಿದೆ. ಆ ಜಾಗದಲ್ಲಿ ಗ್ರೈಂಡರಿನ ಪೆಟ್ಟಿಗೆಯನ್ನು ಕೂರಿಸಿ ಬೆಲ್ಟು ಬಿಗಿದೆ. ಹೆಂಡತಿ ಪೆಟ್ಟಿಗೆ ತೆರೆದು ಎಲ್ಲ ಸರಿಯಿದೆಯೇ ಎಂದು ಪರಿಶೀಲಿಸಿದಳು. ಆಕೆಗೂ ಶಿಸ್ತು ಬಂದಿತೆಂದು ಮೆಚ್ಚಿಕೊಂಡೆ. ಹಿಂದಿನ ಬಾಗಿಲು ಹಾಕಿದ ಸದ್ದಾಯಿತು. ಹೊರಟೆ.

ಮನಸ್ಸು ಹಗುರವಾಗಿತ್ತು. ಗೆಲುವಿನ ವಿಶ್ಲೇಷಣೆ ಆರಂಭಿಸಿದೆ. ಓಟದಲ್ಲಿ ಮುಖ್ಯವಾದುದು ಹೊಂದಾಣಿಕೆ ಎಂದೆ. ಸಂಗಾತಿ ಎಲ್ಲಿದ್ದಾರೆಂಬ ಅರಿವು ಸದಾ ಇರಬೇಕು ಎಂದೆ. ಇಂದಿರಾನಗರ ದಾಟಿತು. ಕೆ.ಆರ್. ಪುರಂ ತೂಗುಸೇತುವೆ ಬಂತು. ಫೋನು ರಿಂಗಣಿಸಿತು.

"ರೀ, ಎಲ್ಲಿದ್ದೀರಿ?"

ಕನ್ನಡಿ ನೋಡಿದೆ. ಹಾಸಿಗೆಯ ಸುರುಳಿ. ಕಾರನ್ನು ಬದಿಗೆ ನಿಲ್ಲಿಸಿದೆ.

"ಬಟ್ಟೆ ಚೀಲ ಹಿಂದಿಟ್ಟು ಬಾಗಿಲು ಹಾಕಿ, ದಾರಿಗೆ ಇಡ್ಲಿ ಕಟ್ಟಿಸ್ಕೊಂಡು ಬರೋಣ ಅಂತ ಹೋಗಿದ್ದೆ," ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. "ಗ್ರೈಂಡರ್ ಕ್ಷೇಮವಾ?"

"ಬೆಲ್ಟು ಹಾಕಿದ್ದೇನೆ."

"ಪೆಟ್ಟಿಗೆ ತೆಗೆದು ನೋಡಿ."

ತೆಗೆದೆ. ಪಾತ್ರೆ ಇತ್ತು. ಮುಚ್ಚಳ ಇತ್ತು. ರುಬ್ಬುವ ಕಲ್ಲು ಇರಲಿಲ್ಲ.

"ಕಲ್ಲು ನನ್ನ ಕೈಚೀಲದಲ್ಲಿದೆ ರೀ. ನನ್ನನ್ನ ಬಿಟ್ಟು ನೀವು ಚಿಂತಾಮಣಿ ತಲುಪಿದ್ರೂ ತಲುಪ್ತೀರಿ. ಕಲ್ಲಿಲ್ಲದ ಗ್ರೈಂಡರ್ ತಗೊಂಡು ಮನೆಗೆ ಹೋಗೋರಲ್ಲ ನೀವು. ನಿಧಾನವಾಗಿ ತಿರುಗಿಸ್ಕೊಂಡು ಬನ್ನಿ. ನಾನು ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದ್ದೀನಿ."