ಮೊಣಕಾಲ ಕೆಳಗಿನ ಇಂಗ್ಲೀಷು

ನನ್ನ ತಮ್ಮಗ ಇಂಗ್ಲೀಷ್ ಬರ್ತಿತ್ತು ಖರೇ, ಆದ್ರ ಅದೆಲ್ಲಾ ಮೊಣಕಾಲ ಕೆಳಗ ಇತ್ತು! ಉಳಿದ ಮಾಸ್ತರರಿಗೆ ಅದು ತಲಿಯೊಳಗ ಇರ್ತೈತಿ, ಇಲ್ಲಾ ನಾಲಿಗಿ ಮ್ಯಾಲೆ ಇರ್ತೈತಿ. ಇವಂದು ಹಿಮ್ಮಡದಾಗ. ಹಿಮ್ಮಡಕ್ಕ ಜಾಲಿಮುಳ್ಳು ಮುರಿದ ದಿನ ಅಂವ ಸಾಲಿಗೆ ರಜಾ ಹಾಕಿದ್ದ. ನಗಾಕತ್ತೀರೇನು? ನಗ್ರಿ. ಅವನ್ನ ಎತ್ತಿ ಆಡಿಸಿದಾಕಿ ನಾನು, ನನಗ ನಗೂ ಬರೂದಿಲ್ಲ.

ಹುಡುಗ ಇದ್ದಾಗ ಅಂವ ಅಲಾಯಿ ಹಬ್ಬದಾಗ, ಅಂದ್ರ ಮೊಹರಮ್ಮಿನ್ಯಾಗ, ಹೆಜ್ಜಿ ಮ್ಯಾಳದಾಗ ಕುಣಿಯಾಂವ. ನಮ್ಮ ಗೊಳಸಂಗಿಯೊಳಗ ಅಲಾಯಿ ಅಂದ್ರ ಹಿಂದೂ ಮುಸಲ್ಮಾನ ಎಲ್ಲಾರೂ ಕೂಡಿ ಕುಣಿಯೂದು, ಅದರಾಗ ತಪ್ಪೇನಿಲ್ಲ. ಎಲ್ಲಾರೂ ಹಬ್ಬ ಮುಗದ ಮ್ಯಾಲೆ ಹೆಜ್ಜಿ ಬಿಟ್ಟು ಹೊಲಕ್ಕ ಹೋದ್ರು. ಇಂವ ಅದನ್ನ ಕಟಗೊಂಡು ಹೈಸ್ಕೂಲಿಗೆ ಹೋದ. ಇಂಗ್ಲೀಷ್ ಮಾಸ್ತರ ಆದ!

ನಾ ಮೂರನೇತ್ತೆ ಕಲ್ತಾಕಿ. ನಾ ಒಂದು ಪುಟ ಓದೂದ್ರಾಗ ಒಲಿ ಮ್ಯಾಲಿನ ಬ್ಯಾಳಿ ಹೊತ್ತಿ ಹೋಗ್ತಿತ್ತು. ಆದ್ರೂ ಇಂಗ್ಲೀಷಿನ ಈ ಒಂದು ಸಂಗತಿ ನನಗ ಬರ್ತೈತಿ. ಕಲೀಬೇಕಂತ ಕಲ್ತಿದ್ದಲ್ಲ. ರೊಟ್ಟಿ ಬಡಿಯೂ ಮುಂದ ಎದುರಿಗೆ ನಿಂತು ಕುಣಿದ್ರ ಯಾರಾದ್ರೂ ಏನ್ ಮಾಡ್ಬೇಕು?

"ನೋಡಕ್ಕಾ," ಅಂತಿದ್ದ, "ಇಂಗ್ಲೀಷಿನ್ಯಾಗ ಮೊದಲ ಗುಣ ಬರ್ತೈತಿ. ಸುಲಭ, ಕಷ್ಟ, ತಯಾರ್, ಹಿಂಗ. ಅದರ ಹಿಂದ 'ಟು' ಅನ್ನೂ ಒಂದು ಕೊಂಡಿ. ಅದರ ಹಿಂದ ಕೆಲಸ. ಆ ಕೆಲಸದ ಹಿಂದ ಒಂದೆರಡು ಸಣ್ಣ ಬಾಲ. ನಮ್ಮ ಹುಡುಗೂರು ಬಾಲ ಮರತು ಬರೀ ಎತ್ತು ಹೊಡಕೊಂಡು ಬರ್ತಾವ. ಬಾಲ ಇಲ್ಲದ ಎತ್ತು ಎತ್ತೇನು?"

"ನೊಣಾ ಹೊಡಕೊಳ್ಳಾಕ ತ್ರಾಸ ಆಗ್ತೈತಿ," ಅಂದೆ.

"ಅಷ್ಟ!" ಅಂತ ಚಪ್ಪಾಳಿ ಹೊಡದ. ಅವನ ಪ್ರಕಾರ ನಾ ಆವತ್ತಿಂದ ಶಾಣ್ಯಾಕಿ.

ಬಾಲ ಮರೀಬಾರ್ದಂತ ಅಂವ ಹೆಜ್ಜಿ ಕಟ್ಟಿದ್ದ. ಗುಣದ ಮಾತು ಮಾರಿ ಮ್ಯಾಲೆ. ಸುಲಭ ಇದ್ರ ನಗೂದು, ಕಷ್ಟ ಇದ್ರ ಹುಣಸಿಕಾಯಿ ತಿಂದಂಗ ಮಾರಿ ಮಾಡೂದು. 'ಟು' ಅಂದ್ರ ಚಪ್ಪಾಳಿ. ಕೆಲಸಕ್ಕ ಮುಷ್ಟಿ. ಬಾಲಕ್ಕ ಕಾಲು. 'ಆನ್' ಅಂದ್ರ ಮುಂದ ಹೆಜ್ಜಿ, 'ಅಪ್' ಅಂದ್ರ ಮೊಣಕಾಲು ಮ್ಯಾಲೆ. ಕಡೀಕ 'ವಿತ್' ಬಂದ್ರ ಬಾಜೂ ನಿಂತವರ ಕೈ ಹಿಡಿಯೂದು. 'ಈಜಿ ಟು ಗೆಟ್ ಆನ್ ವಿತ್': ನಕ್ಕೊಂತ, ಚಪ್ಪಾಳಿ, ಮುಷ್ಟಿ, ಹೆಜ್ಜಿ, ಕೈ. ಹೊಂದಿಕೊಂಡು ಹೋಗಾಕ ಸುಲಭ ಇದ್ದಾಂವ ಅಂತ ಅರ್ಥ.

"ನನಗೇನಂತಿ ಇಂಗ್ಲೀಷಿನ್ಯಾಗ?" ಅಂತ ಒಮ್ಮೆ ಕೇಳಿದೆ. ಬಾಯಿ ಸುಮ್ಮನಿರಬಾರ್ದ?

ಹುಣಸಿಕಾಯಿ ಮಾರಿ ಮಾಡಿದ. ಚಪ್ಪಾಳಿ, ಮುಷ್ಟಿ, ಮೊಣಕಾಲು, ಕೈ. "ಹಾರ್ಡ್ ಟು ಪುಟ್ ಅಪ್ ವಿತ್!"

ನಾ ಹೊಗಳಿದನಂತ ತಿಳಕೊಂಡು ಎರಡು ರೊಟ್ಟಿ ಜಾಸ್ತಿ ಹಾಕಿದೆ. ಆಮ್ಯಾಲೆ ನನ್ನ ಮಗಳು ಕಸ್ತೂರಿ ಅರ್ಥ ಹೇಳಿದ್ಲು: ತಡಕೊಳ್ಳಾಕ ಕಷ್ಟ ಇರೂ ಹೆಂಗಸು! ರೊಟ್ಟಿ ಹೊಟ್ಟಿಯೊಳಗ ಹೋಗಿತ್ತು, ತೆಗೀಲಾಕ ಬರ್ತೈತೇನು?

ಮುದ್ದೇಬಿಹಾಳದಾಗ ಅವನ ಕ್ಲಾಸು ಮಾಳಿಗಿ ಮ್ಯಾಲೆ. ನಲವತ್ತು ಹುಡುಗೂರು ಕೂಡೇ 'ಅಪ್' ಅಂದು ಕಾಲು ಬಡದ್ರ ಕೆಳಗ ಹೆಡ್‌ಮಾಸ್ತರರ ಚಹಾದ ಬಟ್ಟಲದಾಗ ಮಣ್ಣು ಉದರ್ತಿತ್ತು. ಮೂರು ತಿಂಗಳು ಮಣ್ಣಿನ ಚಹಾ ಕುಡದು, ಅವರು ವರ್ಗಾ ಮಾಡಿಸಿ ಸಿಂದಗಿಗೆ ಕಳಿಸಿದ್ರು.

ಸಿಂದಗಿಯೊಳಗ ನೆಲದ ಮ್ಯಾಲಿನ ಕ್ಲಾಸು. ಇನ್ನೇನು ತ್ರಾಸಿಲ್ಲ ಅಂತ ನನಗ ಸಮಾಧಾನ ಆತು. ಅಷ್ಟರಾಗ ಅಲ್ಲೇ ಬಾಜೂ ಊರು ಮೋರಟಗಿಯ ಹಿರಿಯರು ನಾಕು ಮಂದಿ ಸಾಲಿಗೇ ಬಂದ್ರಂತ. "ಮಾಸ್ತರ, ನಿಮ್ಮ ಮ್ಯಾಳ ಬಾಳ ಛಲೋ ಐತಂತ ಕೇಳೇವಿ. ಈ ಸಲ ಅಲಾಯಿಗೆ ನಮ್ಮೂರಿಗೆ ಕರಕೊಂಡು ಬರ್ರಿ."

"ಇದು ಮ್ಯಾಳಲ್ರಿ, ಇಂಗ್ಲೀಷು."

"ಇರಲಿ ಬಿಡ್ರಿ, ಹಾಡು ಯಾವ ಭಾಷಾದಾಗ ಇದ್ರೇನು?"

ಹೋದ! ಹೋಗಬಾರ್ದಾಗಿತ್ತು, ಹೋದ! ಅಲಾಯಿ ಬೆಂಕಿ ಕುಣಿ ಸುತ್ತ ಇಡೀ ಹತ್ತನೇತ್ತೆ 'ಡಿಫಿಕಲ್ಟ್ ಟು ಗಿವ್ ಅಪ್', ಬಿಡಾಕ ಕಷ್ಟ, ಅಂತ ಕುಣೀತಂತ. ಹಿರಿಯರು ಟಾವೆಲ್ ಸುತ್ತಿ ಸನ್ಮಾನ ಮಾಡಿದ್ರು. ಮ್ಯಾಲಿನವರು ಇಂಡಿಗೆ ವರ್ಗಾ ಮಾಡಿ ಸನ್ಮಾನ ಮಾಡಿದ್ರು.

"ನಿನ್ನ ತಮ್ಮಗ ಗೆಜ್ಜಿ ಕೊಡಸು, ಇನ್ನೇನು ಉಳದೈತಿ?" ಅಂದ್ರು ನಮ್ಮ ಮನಿಯವರು. ನಾ ಎಲ್ಲಿ ಮಾರಿ ಇಡ್ಲಿ?

ಆದ್ರ ಅದೇ ಹೊತ್ತಿಗೆ ಕಸ್ತೂರಿ ಎಸ್ಸೆಸ್ಸೆಲ್ಸಿ ಇಂಗ್ಲೀಷಿನ್ಯಾಗ ನಪಾಸ್ ಆದ್ಲು. ಉಳದಿದ್ದೆಲ್ಲಾ ಪಾಸು. ಅಕಿಗೆ ಟ್ರೇನಿಂಗ್ ಮುಗಿಸಿ ಮಾಸ್ತರತಿ ಆಗಬೇಕಂತ ಹುಚ್ಚು. ಅವರಪ್ಪ ಒಂದೇ ಮಾತು ಹೇಳಿದ್ರು: "ಇನ್ನೊಂದು ಸಲ ಬರೀಲಿ. ದಾಟಿದ್ರ ಓದ್ಲಿ. ಬಿದ್ರ ಯಂಕಂಚಿಯವರಿಗೆ ಹೂಂ ಅಂತೇನಿ." ಯಂಕಂಚಿಯವರ ಹುಡುಗ ಅಂದ್ರ ಹುಡುಗಲ್ಲ, ಎರಡನೇ ಸಂಬಂಧ, ಮೀಸಿಗೆ ಬಣ್ಣ ಹಚ್ಚಾಂವ. ಕಸ್ತೂರಿ ಊಟಾ ಬಿಟ್ಲು. ಎಲ್ಲಾ ದೇವರೂ ಮುಗದ ಮ್ಯಾಲೆ ಉಳದಾಂವ ಯಾರು? ನನ್ನ ಕುಣಿಯೂ ತಮ್ಮ! ಅಕಿನ್ನ ಇಂಡಿಗೆ ಅವನ ಮನೀಗೆ ಕಳಿಸಿ, ಆಸೆ ಬಿಟ್ಟು ಕುಂತೆ.

ಪರೀಕ್ಷಾ ದಿನ ಬುತ್ತಿ ಕಟಗೊಂಡು ನಾನೂ ಹೋದೆ. ಬೇವಿನ ಗಿಡದ ಕೆಳಗ ನಾನು, ತಮ್ಮ. ಒಳಗ ಕಸ್ತೂರಿ, ಅವನ ಹುಡುಗೂರು ಬರಿಯಾಕತ್ತಿದ್ರು. ಗಂಟಿ ಆಗಿ ಸ್ವಲ್ಪ ಹೊತ್ತಿಗೆ ಒಳಗಿಂದ ಸಪ್ಪಳ: ಧಬ್. ಧಬ್ ಧಬ್. ಆಮ್ಯಾಲೆ ಇಡೀ ಖೋಲಿ ಧಬ್ ಧಬ್! ನಾ ಅವನ ಮಾರಿ ನೋಡಿದೆ. ಅಂವ ನಗಾಕತ್ತಿದ್ದ. "ಬಾಲಾ ಹುಡುಕಾಕತ್ತಾರಕ್ಕಾ!"

ನಗೂ ಜಾಸ್ತಿ ಹೊತ್ತು ಉಳೀಲಿಲ್ಲ. ಒಳಗ ಪರೀಕ್ಷಾ ಕಾಯಾಕ ಬಂದಿದ್ದ ಸಾಹೇಬರು ಹೊರಗಿನವರು, ಕಟ್ಟುನಿಟ್ಟಿನ ಮನಷ್ಯಾ. ಪೇಪರೆಲ್ಲಾ ಕಸಗೊಂಡು ಪಡಸಾಲಿಗೆ ಬಂದು ತಮ್ಮನ್ನ ಕರದ್ರು. "ಕಾಲಿಲೆ ಉತ್ತರ ಕಳಸಾಕತ್ತಾರ! ಇದು ಯಾವ ಊರ ಕಾಪಿರೀ ಮಾಸ್ತರ?"

"ಕಾಪಿ ಅಲ್ರಿ, ನೆನಪ ಮಾಡ್ಕೊಳ್ಳಾಕತ್ತಾರ."

"ಹಂಗಾದ್ರ ಮಾಡಿ ತೋರಸ್ರಿ."

ನನ್ನ ತಮ್ಮ, ಅರ್ಧ ತಲಿ ಬೆಳ್ಳಗಾದಾಂವ, ಆ ಪಡಸಾಲಿಯೊಳಗ ಪೊಲೀಸ, ಸಿಪಾಯಿ, ನಾನು ಎಲ್ಲಾರ ಮುಂದ ಧೋತರ ಎತ್ತಿ ಕುಣಿದ. ಸಿಪಾಯಿ ಹೊಟ್ಟಿ ಹಿಡಕೊಂಡು ನಕ್ಕ. 'ವಿತ್' ಬಂದಾಗ ಹಿಡಿಯಾಕ ಯಾರೂ ಇರಲಿಲ್ಲ, ಪಡಸಾಲಿ ಕಂಬ ಹಿಡಕೊಂಡ. ನಾ ನೆಲಾ ನೋಡ್ಕೊಂತ ನಿಂತೆ.

ಸಾಹೇಬರು ಕಸ್ತೂರಿನ್ನ ಹೊರಗ ಕರದು ಒಬ್ಬಾಕಿನ್ನ ನಿಲ್ಲಿಸಿ ಪೇಪರಿನ್ಯಾಗಿನ ಒಂದು ಪ್ರಶ್ನಿ ಕೇಳಿದ್ರು. ಅಕಿ ಮಾರಿ ಮಾಡಿದ್ಲು, ಚಪ್ಪಾಳಿ ಹೊಡದ್ಲು, ಕಾಲು ಬಡದ್ಲು, ಬಾಲಾ ಹಚ್ಚಿ ಉತ್ತರಾ ಹೇಳಿದ್ಲು. ಮತ್ತೊಂದು ಕೇಳಿದ್ರು, ಅದನ್ನೂ ಹೇಳಿದ್ಲು. ಸಾಹೇಬರು ಕೆಟ್ಟವರಲ್ಲ. "ಬರೀಲಿ," ಅಂದ್ರು. "ಆದ್ರ ಇನ್ನ ಮುಂದ ಯಾವ ಸಾಲಿಯೊಳಗೂ ಈ ಕುಣತ ನಡೀಬಾರ್ದು. ಮಾತು ಕೊಡ್ರಿ. ಇಲ್ಲಂದ್ರ ಈ ಪೇಪರು ಕಾಪಿ ಅಂತ ಹಿಂಗಿಂದ ಹಿಂಗ ಮ್ಯಾಲಿನವರಿಗೆ ಹೋಗ್ತಾವ."

ತಮ್ಮ ತನ್ನ ಕಾಲು ನೋಡ್ಕೊಂಡ. ಕಸ್ತೂರಿನ್ನ ನೋಡಿದ. "ಕೊಟ್ಟೇನ್ರಿ," ಅಂದ.

ಹುಡುಗೂರನ್ನ ಬೆಂಚಿನ ಮ್ಯಾಲೆ ಮದಿವಿ ಊಟಕ್ಕ ಕುಂಡ್ರಿಸಿದಂಗ ಕಾಲು ಮಡಿಚಿ ಕುಂಡ್ರಿಸಿ ಉಳದ ಪೇಪರು ಬರಸಿದ್ರು.

ಅದಾದ ಮ್ಯಾಲೆ ಅವನ್ನ ಬಸವನ ಬಾಗೇವಾಡಿಗೆ ಹಾಕಿದ್ರು. ನಮ್ಮೂರಿಗೆ ಸಮೀಪ, ಐತವಾರಕ್ಕೊಮ್ಮೆ ಬರ್ತಿದ್ದ. ಬಂದು ಗ್ವಾಡಿಗೆ ಆನಿಕೊಂಡು, ಕೈ ಅಂಗಿ ಕಿಸೆದಾಗ ಇಟ್ಟು ಕುಂಡ್ರತಿದ್ದ. ಸಾಲಿಯೊಳಗೂ ಹಂಗ ಅಂತ, ನೆಟ್ಟ ಗೂಟದಂಗ ನಿಂತು ಪುಸ್ತಕ ಓದಿ ಬರ್ತಾನಂತ. ಹೆಡ್‌ಮಾಸ್ತರ ಬಾಳ ಶಿಸ್ತಿನ ಮನಷ್ಯಾ ಅಂತ ಹೊಗಳಿದ್ರು. ನಾ ರೊಟ್ಟಿ ಬಡದ್ರ ಎದುರಿಗೆ ಬರಲಿಲ್ಲ. ಬೇಕಂತ ಜೋರು ಬಡದೆ, ತಾಳಾ ತಪ್ಪಿಸಿ ಬಡದೆ. ಊಹೂಂ. "ಉಪ್ಪು ಕಡಿಮಿ ಆಗೈತೇನೋ?" "ಇಲ್ಲಕ್ಕಾ." ಅಷ್ಟ. ಕುಣಿಯೂ ಮುಂದ ತಲಿ ಬ್ಯಾನಿ, ಕುಣೀದಿದ್ರ ಎದಿ ಬ್ಯಾನಿ. ಇಂಥಾ ತಮ್ಮ ಯಾರಿಗೂ ಬ್ಯಾಡ!

ಕಸ್ತೂರಿ ಪಾಸಾದ್ಲು. ಯಂಕಂಚಿ ಮೀಸಿ ಬ್ಯಾರೇ ಮನೀಗೆ ಹೋತು. ಅಕಿನ್ನ ಟ್ರೇನಿಂಗಿಗೆ ಕಳಸಾಕ ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಬಂದ್ವಿ. ತಮ್ಮ ಕೈ ಕಿಸೆದಾಗ ಇಟ್ಟು ನಿಂತಿದ್ದ. "ಹುಷಾರು," ಅಂದ, ಮುಗೀತು. ಬಸ್ಸು ಗರ್ ಅಂತ ಚಾಲೂ ಆತು. ಕಸ್ತೂರಿ ಖಿಡಕ್ಯಾಗಿಂದ ಮಾರಿ ಹೊರಗ ಹಾಕಿ, ಹುಣಸಿಕಾಯಿ ತಿಂದಂಗ ಮಾಡಿ ಚಪ್ಪಾಳಿ ಹೊಡದ್ಲು. "ಮಾಮಾ! ಹಾರ್ಡ್ ಟು ಪುಟ್ ಅಪ್ ವಿತ್!" ಅಂತ ಕೈ ಚಾಚಿದ್ಲು. ಬಸ್ಸು ಹೋಗೇಬಿಡ್ತು.

ಧೋತರದೊಳಗ ಅವನ ಮೊಣಕಾಲು ಒಂದೀಟು ಮ್ಯಾಲೆದ್ದು ಹಂಗ ನಿಂತಿತು.

"ಕೊಟ್ಟ ಮಾತು ಸಾಲಿಯೊಳಗಿಂದು," ಅಂದೆ. "ಇದು ಬಸ್‌ಸ್ಟ್ಯಾಂಡು."

ನನ್ನ ಮಾರಿ ನೋಡಿದ. ಕಿಸೆದಾಗಿಂದ ಕೈ ತೆಗೆದ. ಹುಳ್ಳಗ ಮಾರಿ ಮಾಡಿದ, ಅದಕ್ಕೇನೂ ತ್ರಾಸ ಬೀಳಲಿಲ್ಲ, ಕಣ್ಣು ಮೊದಲ ತುಂಬಿದ್ದು. ಚಪ್ಪಾಳಿ. ಮುಷ್ಟಿ. ಆ ಧೂಳಿನ್ಯಾಗ, ಬುಟ್ಟಿ ಗಂಟು ಹಿಡಕೊಂಡ ಮಂದಿ ಎಲ್ಲಾ ನೋಡ್ಕೊಂತ ನಿಂತಾಗ, ಮೊಣಕಾಲು ಮ್ಯಾಲೆತ್ತಿ ನೆಲಕ್ಕ ಬಡದ. ಕಡೀಕ ಬಾಜೂ ಕೈ ಚಾಚಿದ. ಕಂಬ ಸೈತ ಇರಲಿಲ್ಲ ಅಲ್ಲೆ.

ನಾ ಹಿಡಕೊಂಡೆ.

"ಸಾಕು ಬಿಡು, ಮಂದಿ ನೋಡ್ತಾರ," ಅಂದೆ ಆಮ್ಯಾಲೆ. ಅಂವ ಬಿಡಲಿಲ್ಲ. ನಾನೂ ಜಗ್ಗಲಿಲ್ಲ.