ಭಾವನವರ ಖಾಯಂ ರೋಗಿ

ನನಗೆ ಲೋಕದಲ್ಲಿರುವ ಕಾಯಿಲೆಗಳನ್ನೆಲ್ಲ ತಂದಿಟ್ಟವರು ನಮ್ಮ ಭಾವ. ಅದೂ ಪುಕ್ಕಟೆಯಾಗಿ! ಬೇದಿ, ಡೆಂಗಿ, ಬಿಪಿ, ಹಾವು ಕಡಿತ, ನಾಯಿ ಕಡಿತ, ಹೀಗೆ ಒಂದೊಂದನ್ನೂ ಪೆನ್ಸಿಲಿನಿಂದ ಬಿಡಿಸಿ, ಬಣ್ಣ ತುಂಬಿ, ದೇಶದೇಶಗಳಿಗೆ ಹಂಚಿದ್ದಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಯಳಂದೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಬೇರೆ ಮೇಷ್ಟ್ರುಗಳು ಸೈಟು ವ್ಯಾಪಾರ ಮಾಡುತ್ತಾರೆ, ಇಲ್ಲವೇ ಜಗಲಿ ಮೇಲೆ ಕೂತು ಸರ್ಕಾರವನ್ನು ಬೈಯುತ್ತಾರೆ. ಇವರಿಗೆ ಮಾತ್ರ ಕಂಪ್ಯೂಟರಿನಲ್ಲಿ ಒಂದು ಗುಂಪು ಗಂಟುಬಿತ್ತು. ಯಾವ್ಯಾವುದೋ ದೇಶದ ಡಾಕ್ಟರು, ನರ್ಸು, ಮೇಷ್ಟ್ರುಗಳೆಲ್ಲ ಸೇರಿ ಆರೋಗ್ಯಪಾಠದ ಚಿತ್ರಗಳನ್ನು ಅಲ್ಲಿ ಇಡುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ತಮ್ಮ ಭಾಷೆಯಲ್ಲಿ ಬರೆದುಕೊಳ್ಳಬಹುದು. ದುಡ್ಡಿಲ್ಲ. ಚಿತ್ರ ಬರೆದವರ ಹೆಸರು ಹಾಕಿದರೆ ಸಾಕು. ರೋಗಿಯ ಹೆಸರು ಹಾಕಬೇಕೆಂಬ ನಿಯಮವಿಲ್ಲ; ನನಗಿರುವ ಸಮಾಧಾನ ಅದೊಂದೇ.

ಮೊದಲಿಗೆ ಕನ್ನಡದ ಅಕ್ಷರ ಹಾಕಿಕೊಡುವುದಷ್ಟೇ ಭಾವನ ಕೆಲಸವಾಗಿತ್ತು. ಆದರೆ ಮೊದಲ ಚಿತ್ರದಲ್ಲೇ ಕೋಟು ತೊಟ್ಟ ಒಬ್ಬ ಬಿಳಿಯ ಮನುಷ್ಯ ಪಳಪಳ ಹೊಳೆಯುವ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ಭಾವನಿಗೆ ತಡೆಯಲಾಗಲಿಲ್ಲ. "ಇಂಥಾ ನಲ್ಲಿ ನಮ್ಮ ಹಳ್ಳಿಗಳಲ್ಲಿ ಎಲ್ಲಿದೆ?" ಎಂದು ನಲ್ಲಿ ಅಳಿಸಿ ಚೊಂಬು ಬರೆದರು. ಚೊಂಬು ಬಂದ ಮೇಲೆ ಕೋಟು ಹೊಂದಲಿಲ್ಲ; ಕೋಟು ಹೋಯಿತು. ಕೋಟಿನ ಹಿಂದೆ ಮನುಷ್ಯನೂ ಹೋದ. ಈಗ ಚೊಂಬಿನ ಮುಂದೆ ನಿಲ್ಲಿಸಲು ಒಬ್ಬ ಮನುಷ್ಯ ಬೇಕಲ್ಲ? ನನ್ನ ಗ್ರಹಚಾರ, ಆ ಭಾನುವಾರವೇ ನಾನು ಅಕ್ಕನನ್ನು ನೋಡಲು ಕೊಳ್ಳೇಗಾಲದಿಂದ ಬಸ್ಸು ಹತ್ತಿದ್ದೆ!

"ನಾನೇ ಯಾಕೆ ಭಾವ?" ಎಂದು ಕೇಳಿದ್ದಕ್ಕೆ, "ಬೇರೆಯವರಿಗೆ ರೋಗ ಇದೆ ಅಂತ ತೋರಿಸೋಕೆ ಕಷ್ಟ ಪಡಬೇಕು ಕಣಯ್ಯ. ನೀನು ಸುಮ್ಮನೆ ಕೂತರೂ ಏನೋ ಆಗಿರೋ ಹಾಗೆ ಕಾಣ್ತೀಯ" ಎಂದರು.

ಸುಳ್ಳಲ್ಲ. ನನ್ನ ಕಸುಬು ವಿಮಾ ಏಜೆಂಟನದು. ಊರವರಿಗೆಲ್ಲ ಏನೇನು ಅನಾಹುತ ಆಗಬಹುದೆಂದು ಹಗಲೆಲ್ಲ ಹೇಳಿ ಹೇಳಿ, ಅವೆಲ್ಲ ನನಗೇ ಆದಂತೆ ಮುಖ ಜೋತುಬಿದ್ದಿದೆ. ಸೀನು ಬಂದರೆ ನಿಮೋನಿಯಾ, ಹೊಟ್ಟೆ ಗುಡುಗುಟ್ಟಿದರೆ ಆಪರೇಷನ್ನು. ಹೆಂಡತಿ ನನಗೆ ಥರ್ಮಾಮೀಟರನ್ನು ಕೊಡುವುದನ್ನೇ ನಿಲ್ಲಿಸಿದ್ದಾಳೆ.

ಆ ಕೈತೊಳೆಯುವ ಚಿತ್ರ ಸಮುದ್ರ ದಾಟಿತು. ಆಫ್ರಿಕಾದ ಯಾರೋ ನರ್ಸಮ್ಮ ವಿಡಿಯೋ ಮೀಟಿಂಗಿನಲ್ಲಿ, "ಅದೇನು, ಹೂದಾನಿಯೇ?" ಎಂದು ಚೊಂಬನ್ನು ತೋರಿಸಿ ಕೇಳಿದರಂತೆ. ಭಾವ ಎದ್ದು ಹೋಗಿ ಅಡುಗೆಮನೆಯಿಂದ ಚೊಂಬು ತಂದು, ಕ್ಯಾಮೆರಾ ಮುಂದೆ ನೀರು ಹೊಯ್ದು ತೋರಿಸಿದರು. ಕೀಬೋರ್ಡು ಹಾಳಾಯಿತು. ಆ ನರ್ಸಮ್ಮ ಚೊಂಬು ಅಳಿಸಿ ತಮ್ಮೂರಿನ ಸೋರೆಬುರುಡೆ ಬರೆಸಿಕೊಂಡರು. ಭಾವನಿಗೆ ಹಿಗ್ಗೋ ಹಿಗ್ಗು!

"ನನ್ನ ಮುಖ?" ಎಂದು ಆಸೆಯಿಂದ ಕೇಳಿದೆ.

"ಅದು ಹಾಗೇ ಇದೆ. ಮೈಬಣ್ಣ ಒಂದಿಷ್ಟು ತಿದ್ದಿದ್ದಾರೆ. ರೋಗಿ ಮುಖ ಅಂದ್ರೆ ಇದೇ ಅಂತ ಯಾವ ದೇಶದಲ್ಲೂ ತಕರಾರಿಲ್ಲ."

ಆಮೇಲೆ ಪೆರು ದೇಶದವರು ನನ್ನನ್ನು ತೆಗೆದುಕೊಂಡು ತಲೆಗೊಂದು ಟೋಪಿ ಹಾಕಿದರು. ವಿಮಾ ಏಜೆಂಟನೇ ಊರಿಗೆಲ್ಲ ಟೋಪಿ ಹಾಕುತ್ತಾನೆ ಎನ್ನುವವರು ಇದನ್ನು ಗಮನಿಸಬೇಕು!

ಒಮ್ಮೆ ಮೀಟಿಂಗು ನಡೆಯುತ್ತಿದ್ದಾಗ ನಾನು ಹಿಂದಿನಿಂದ ಹಾದುಹೋದೆ. ಭಾವ ನನ್ನ ತೋಳು ಹಿಡಿದೆಳೆದು, "ದಿಸ್ ಈಸ್ ಮೈ ಬ್ರದರ್-ಇನ್-ಲಾ. ವೆರಿ ಗುಡ್ ಪೇಷಂಟ್!" ಎಂದು ಸಾರಿದರು. ಪರದೆಯ ಅಷ್ಟೂ ಚೌಕಗಳಲ್ಲಿ ಕೈಗಳು ಬೀಸಿದವು. ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದಳು. ಅಕ್ಕ ಅಡುಗೆಮನೆಯಿಂದಲೇ, "ಮದ್ವೆಯಾದಾಗಿಂದ ನಿನ್ ಮೊಕ ನೋಡ್ದಷ್ಟು ಹೊತ್ತು ನನ್ ಮೊಕಾನ ನೋಡ್ನಿಲ್ಲ ಕಣ್ಲಾ ಇವ್ರು" ಎಂದಳು.

ವಿದೇಶವನ್ನಾದರೂ ಸಹಿಸಬಹುದು. ಭಾವ ಚಿತ್ರಗಳನ್ನು ಅಚ್ಚು ಹಾಕಿಸಿ ನಮ್ಮ ಕಡೆಯ ಆಸ್ಪತ್ರೆಗಳಿಗೂ ಕೊಟ್ಟುಬಿಟ್ಟರು! ಹನೂರಿನಲ್ಲಿ ಒಬ್ಬ ರೈತನ ಮುಂದೆ ಕೂತು, ಹಾವು ಕಚ್ಚಿದರೆ ಮನೆಯವರ ಗತಿಯೇನೆಂದು ಕಣ್ಣಲ್ಲಿ ನೀರು ಬರುವಂತೆ ವಿವರಿಸಿದೆ. ಆತ ನನ್ನನ್ನೇ ದಿಟ್ಟಿಸಿ, "ಸಾ, ಕಚ್ಚಿರಾದು ನಿಮ್ಗೆ. ಆಸ್ಪತ್ರೆ ಗ್ವಾಡೇಲಿ ನೋಡಿವ್ನಿ. ಮೊದ್ಲು ನೀವ್ ಮಾಡಿಸ್ಕಳಿ ಪಾಲಿಸಿಯ" ಎಂದ. ಶಾಗ್ಯದಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಲೋಟವನ್ನು ನನ್ನ ಕೈಗೆ ಕೊಡದೆ ಹಿಂದಕ್ಕೆ ಎಳೆದುಕೊಂಡು, "ಮೊದ್ಲು ಕೈ ತೊಳ್ಕಳಪ್ಪ. ತೊಳೀದೆ ಏನಾಗೋಯ್ತು ಅಂತ ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?" ಎಂದಳು. ತೊಳೆದೆ. ಸೋಪು ಹಾಕಿ!

"ಅಳಿಸಿಬಿಡಿ ಭಾವ, ನನ್ನ ವ್ಯಾಪಾರ ಹೋಯ್ತು" ಎಂದು ಗೋಗರೆದೆ.

"ಒಂದ್ಸಲ ಬಿಟ್ಟುಕೊಟ್ಟಿದ್ದನ್ನ ವಾಪಸ್ ಕೇಳೋ ಹಾಗಿಲ್ಲ ಕಣಯ್ಯ. ನೀನೀಗ ಲೋಕದ ಆಸ್ತಿ."

ಹೋದ ಮಳೆಗಾಲದಲ್ಲಿ ಬಿಪಿಯ ಚಿತ್ರಕ್ಕೆ ಕೂರಿಸಿದ್ದರು. ತೋಳಿಗೆ ಪಟ್ಟಿ ಕಟ್ಟಿ, "ಅಲ್ಲಾಡಬೇಡ" ಎಂದರು. ಕೆಮ್ಮು ಬಂತು.

"ಕೆಮ್ಮು ಈ ಚಿತ್ರದ್ದಲ್ಲ ಕಣಯ್ಯ, ಅದು ಕ್ಷಯದ್ದು. ಕೆಮ್ಮೋ ಚೌಕದಿಂದ ವಾಸಿಯಾಗೋ ಚೌಕದವರೆಗೂ ಅದನ್ನ ಆಗಲೇ ಬರೆದಾಯ್ತು" ಎಂದು ಗದರಿದರು. ತಡೆದುಕೊಂಡೆ. ಮತ್ತೆ ಬಂತು. ಆಮೇಲೆ ನಿಲ್ಲಲೇ ಇಲ್ಲ.

ಭಾವ ಪೆನ್ಸಿಲು ಕೆಳಗಿಟ್ಟರು. "ಎಷ್ಟು ದಿನದಿಂದ?"

ಸೀನಿಗೆಲ್ಲ ಊರು ಒಂದು ಮಾಡುವ ನಾನು, ಈ ಕೆಮ್ಮನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಿಜವಾದ ಭಯಕ್ಕೆ ಬಾಯಿರುವುದಿಲ್ಲವೋ ಏನೋ. ಒಂದು ತಿಂಗಳಾಗಿರಬಹುದು ಎಂದೆ. ಭಾವ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಕಫ ಪರೀಕ್ಷೆಗೆ ಅವರೇ ಕರೆದುಕೊಂಡು ಹೋದರು. ಫಲಿತಾಂಶದ ದಿನ, ಒಳಗೆ ಹೋಗಿ ಬಂದದ್ದೂ ನಾವಿಬ್ಬರೇ. ಕ್ಷಯ ಇತ್ತು. ಒಂದು ದಿನವೂ ತಪ್ಪಿಸದೆ ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಹೆದರಬೇಡಿ ಎಂದರು ಡಾಕ್ಟರು. ಮನೆಯವರೆಲ್ಲ ಬಂದು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಹೇಳಿ, ನನಗೆ ಮಾಸ್ಕು ಹಾಕಿಸಿ ಕಳಿಸಿದರು.

ಆಸ್ಪತ್ರೆಯ ಅಂಗಳದಲ್ಲಿ ಹೊಂಗೆಮರದ ಕಟ್ಟೆ ಮೇಲೆ ಕೂತೆವು. ಭಾವ ಮಾತ್ರೆಯ ಚೀಟಿಯನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದರು. ನನಗೆ ತಡೆಯಲಾಗದೆ, "ಏನ್ ಭಾವ, ಇಷ್ಟು ದಿನ ನಕಲಿ ರೋಗಿನ ಕೂರಿಸಿಕೊಂಡು ಬರೆದ್ರಿ. ಈಗ ಅಸಲಿ ಸಿಕ್ಕಿದಾನೆ, ಬರೀರಿ" ಎಂದೆ.

ಚೀಲದಿಂದ ಹಾಳೆ ತೆಗೆದರು. ತೊಡೆಯ ಮೇಲೆ ಇಟ್ಟುಕೊಂಡರು. ಪೆನ್ಸಿಲು ಹಾಳೆಗೆ ತಾಗಿತು, ಮುಂದಕ್ಕೆ ಹೋಗಲಿಲ್ಲ.

"ಕೈ ಓಡ್ತಾ ಇಲ್ಲ ಕಣಯ್ಯ" ಎಂದರು.

ಎಲ್ಲರಿಂದಲೂ ಧೈರ್ಯ ಹೇಳಿಸಿಕೊಂಡೇ ಬದುಕಿದ ನಾನು ಇನ್ನೊಬ್ಬರಿಗೆ ಧೈರ್ಯ ಹೇಳುವುದು ಹೇಗೆ? ಏನೋ ಹೊಳೆಯಿತು. "ಕೊನೇ ಚೌಕದಿಂದ ಶುರು ಮಾಡಿ ಭಾವ. ವಾಸಿಯಾಗಿ ಕೆಲಸಕ್ಕೆ ಹೋಗ್ತಿರೋದು."

ಭಾವ ನನ್ನನ್ನು ನೋಡಿದರು. ತೋಳಿನಿಂದ ಕಣ್ಣೊರೆಸಿಕೊಂಡರು. ಪೆನ್ಸಿಲು ನಿಧಾನವಾಗಿ ಚಲಿಸತೊಡಗಿತು.

"ಮಾಸ್ಕ್ ತೆಗೀಲಾ? ಮುಖ ಕಾಣ್ತಾ ಇಲ್ವಲ್ಲ" ಎಂದೆ.

ತಲೆ ಎತ್ತದೆ ಹೇಳಿದರು: "ಬೇಡ. ನಿನ್ನ ಮುಖ ನನಗೆ ಬಾಯಿಪಾಠ."