ಕೋಳಿ ಹಾಕಿದ ಬೀಗ

ಕಾರಿನ ಬಾಗಿಲಿಗೆ ತನ್ನಿಂದ ತಾನೇ ಬೀಗ ಬೀಳುತ್ತಿರುವಷ್ಟು ಕಾಲ, ಹೊರಗೆ ನಿಂತು ಒಳಗಿನ ಕೀಯನ್ನು ನೋಡುತ್ತ ತಲೆ ಕೆರೆದುಕೊಳ್ಳುವವರಿಗೆ ಬರವಿಲ್ಲ. ಮೊನ್ನೆ ಪಕ್ಕದ ಮನೆಯವರು ಹಾಗೆಯೇ ನಿಂತಿದ್ದರು. ನೋಡಿ ನನಗೆ ಹಳೆಯದೆಲ್ಲ ನೆನಪಾಯಿತು.

ನಾನು ವಿಜಾಪುರದ ಕಡೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರು ಅಲ್ಲಿಯ ಕೆಲಸ ಬಿಟ್ಟು, ಇಲ್ಲಿ ಕರಾವಳಿಯ ಬಿ.ಸಿ.ರೋಡಿನಲ್ಲಿ ಕಾರುಗಳಿಗೆ ಸೆಂಟ್ರಲ್ ಲಾಕ್ ಹಾಕಿಕೊಡುವ ಅಂಗಡಿ ತೆರೆದರು. ಗಲ್ಲಾದ ಮೇಲೆ ನಾನು. ಕೆಲಸ ಇಷ್ಟೇ: ನಾಲ್ಕು ಬಾಗಿಲುಗಳ ಒಳಗೂ ಒಂದೊಂದು ಪುಟ್ಟ ಮೋಟಾರು. ಡ್ರೈವರ್ ಕಡೆಯ ಕಿಟಕಿಯ ಅಂಚಿನಲ್ಲಿರುವ ಗುಂಡಿ ಒತ್ತಿದರೆ, ವಯರಿನಲ್ಲಿ ಸುದ್ದಿ ಹೋಗಿ ಉಳಿದ ಮೂರು ಗುಂಡಿಗಳೂ ಟಪ್ಪೆಂದು ಕೆಳಗಿಳಿಯುತ್ತವೆ. ಎತ್ತಿದರೆ ನಾಲ್ಕೂ ಮೇಲೆ.

ಜನ ಇದನ್ನು ನಂಬಿದರೆ ಅಂಗಡಿ, ನಂಬದಿದ್ದರೆ ವಿಜಾಪುರದ ಬಸ್ಸು. ಬಿ.ಸಿ.ರೋಡಿನಲ್ಲಿ ಒಬ್ಬರ ಕಾರು ಕೈಕೊಟ್ಟರೆ ಸಾಕು, ಸಂಜೆಯೊಳಗೆ ಆ ಸುದ್ದಿ ಪ್ರೈವೇಟ್ ಬಸ್ಸು ಹತ್ತಿ ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ಇಳಿದಿರುತ್ತದೆ.

ಉಮ್ಮನ ಬಾಗಿಲು

ನಮ್ಮ ಮೊದಲ ಗಿರಾಕಿ ಗಲ್ಫಿನಿಂದ ಬಂದಿದ್ದ ಬಂಟ್ವಾಳದ ಬ್ಯಾರಿ ವ್ಯಾಪಾರಿ. ಲಾಕ್ ಹಾಕಿಸಿಕೊಂಡು ಖುಷಿಯಿಂದ ಹೋದವರು ಮರುದಿನವೇ ತಾಯಿಯನ್ನು ಕೂರಿಸಿಕೊಂಡು ತಿರುಗಿ ಬಂದರು.

"ಯಾರೂ ಮುಟ್ಟದೆ ಗುಂಡಿ ಕೆಳಗೆ ಹೋಯಿತು" ಎಂದರು ಆ ಉಮ್ಮ. "ಅದು ನನಗೆ ಬೇಡ. ನನ್ನ ಬಾಗಿಲಿನದ್ದು ತೆಗೆಯಿರಿ."

"ಉಮ್ಮ, ಅದು ಮೋಟಾರು" ಎಂದು ಮಗ ಹೇಳಿದರೆ, "ಮೋಟಾರು ಕಣ್ಣಿಗೆ ಕಾಣ್ತದಾ? ಇಲ್ಲ ಅಲ್ಲ?" ಎಂದು ಬಾಯಿ ಮುಚ್ಚಿಸಿದರು. ನಮ್ಮ ಮನೆಯವರು ಆ ಒಂದು ಬಾಗಿಲಿನ ವಯರು ಬಿಚ್ಚಿದರು.

ಸ್ವಲ್ಪ ದಿನ ಕಳೆದು ಉಮ್ಮ ಮತ್ತೆ ಬಂದರು. ಮುಖ ಊದಿಸಿಕೊಂಡಿದ್ದರು.

"ಮಗ ಗುಂಡಿ ಒತ್ತಿದರೆ ಸೊಸೆಯ ಬಾಗಿಲು ಕೇಳ್ತದೆ, ಮಕ್ಕಳ ಬಾಗಿಲು ಕೇಳ್ತದೆ. ನನ್ನದು ಮಾತ್ರ ಕೇಳುವುದಿಲ್ಲ. ಎಂತ, ನಾನೊಬ್ಬಳು ಆ ಮನೆಯವಳಲ್ಲವಾ?"

ಎರಡು ಸುತ್ತು

ಕೊಕ್ಕಡದ ರಬ್ಬರು ತೋಟದ ಯಜಮಾನರೊಬ್ಬರಿಗೆ ಅವರ ತಮ್ಮ ದುಬೈಯಿಂದ ರಿಮೋಟು ತಂದುಕೊಟ್ಟಿದ್ದ. ಒಂದೇ ಗುಂಡಿಯ ರಿಮೋಟು. ಒಮ್ಮೆ ಒತ್ತಿದರೆ ಬೀಗ, ಇನ್ನೊಮ್ಮೆ ಒತ್ತಿದರೆ ತೆರೆಯುವುದು. ಅದನ್ನು ಜೋಡಿಸಿಕೊಟ್ಟ ಒಂದು ವಾರಕ್ಕೆ ಅವರು ಸಿಟ್ಟಿನಿಂದ ಬಂದರು.

"ಬೀಗ ನಿಲ್ಲುವುದೇ ಇಲ್ಲ ಮಾರಾಯ್ರೆ. ಎಳೆದರೆ ಬಾಗಿಲು ಕೈಗೆ ಬರ್ತದೆ."

"ಒತ್ತಿ ತೋರಿಸಿ, ನೋಡುವ" ಎಂದರು ನಮ್ಮ ಮನೆಯವರು. ಇಲ್ಲಿಯ ಮಾತು ಅಷ್ಟರಲ್ಲಿ ಅವರ ನಾಲಗೆಗೆ ಹತ್ತಿತ್ತು.

ಯಜಮಾನರು ಒತ್ತಿದರು. ಟಪ್. ಕೂಡಲೇ ಇನ್ನೊಮ್ಮೆ ಒತ್ತಿದರು. ಟಪ್.

"ಎರಡನೆಯದು ಯಾಕೆ?"

"ಯಾಕೆ ಅಂದರೆ? ಮನೆಯ ಬೀಗಕ್ಕೆ ಕೀ ಎರಡು ಸುತ್ತು ತಿರುಗಿಸುವುದಿಲ್ಲವಾ? ಒಂದೇ ಸುತ್ತು ಬಿಟ್ಟರೆ ಅದು ಗಟ್ಟಿಯಾ?"

ನಮ್ಮ ಮನೆಯವರು ಅರ್ಧ ಗಂಟೆ ವಿವರಿಸಿದರು. ಅವರು ತಲೆಯಾಡಿಸಿದರು, ಮತ್ತೆ ಎರಡು ಸಲ ಒತ್ತಿದರು. ಕೊನೆಗೆ ನಾನೇ ಗಲ್ಲಾದಿಂದ ಹೇಳಿದೆ: "ಯಜಮಾನರೇ, ನೀವು ಮೂರು ಸಲ ಒತ್ತಿ."

ಒತ್ತಿದರು. ಹಿಡಿ ಎಳೆದು ನೋಡಿದರು. ಬಾಗಿಲು ಕದಲಲಿಲ್ಲ.

"ನೋಡಿ! ಅಕ್ಕನಿಗೆ ಗೊತ್ತುಂಟು. ನಾನು ಒಂದು ಸುತ್ತು ಕಡಿಮೆ ಮಾಡ್ತಿದ್ದೆ."

ಹರಕೆಯ ಕೋಳಿ

ಬೆಳುವಾಯಿಯ ಒಂದು ಕುಟುಂಬ ದೈವದ ಕೋಲಕ್ಕೆಂದು ಬಂಟ್ವಾಳದ ಕಡೆಯ ತಮ್ಮ ಮೂಲಮನೆಗೆ ಹೊರಟಿತ್ತು. ಕಾರಿಗೆ ನಮ್ಮದೇ ಲಾಕ್, ಗಾಜಿನ ಮೇಲೆ ನಮ್ಮದೇ ಸ್ಟಿಕ್ಕರು. ಹಿಂದಿನ ಸೀಟಿನಲ್ಲಿ ದೈವಕ್ಕೆ ಹೇಳಿಕೊಂಡಿದ್ದ ಹುಂಜ. ಕೋಲಕ್ಕೆ ಬೇಕಾದ ಅಡಿಕೆ ಹೂವು, ಹಿಂಗಾರ, ಮರೆತಿದೆ ಎಂದು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಎಲ್ಲರೂ ಇಳಿದರು. ಹುಂಜಕ್ಕೆ ಸೆಕೆಯಾಗಬಾರದೆಂದು ಮನೆಯ ಅಜ್ಜಿ ಅದರ ಕಾಲಿನ ಹಗ್ಗ ಬಿಚ್ಚಿಸಿ, ಗಾಜು ಏರಿಸಿ, ಎ.ಸಿ. ಚಾಲೂ ಇಡಿಸಿದ್ದರು. ಹಾಗಾಗಿ ಕೀ ಒಳಗೇ ಇತ್ತು.

ತಂಪಿಗೆ ಹುಂಜಕ್ಕೆ ಉತ್ಸಾಹ ಬಂತು. ಮುಂದಿನ ಸೀಟಿಗೆ ಹಾರಿತು, ಅಲ್ಲಿಂದ ಡ್ರೈವರ್ ಕಡೆಯ ಕಿಟಕಿಯ ಅಂಚಿಗೆ ಹತ್ತಿ ಸರಿಯಾಗಿ ಗುಂಡಿಯ ಮೇಲೆ ಕಾಲಿಟ್ಟಿತು. ಟಪ್. ನಾಲ್ಕೂ ಬಾಗಿಲು ಬಂದ್.

ಜನ ಸೇರಿದರು. ಕಂಡಕ್ಟರೊಬ್ಬ ಕೂಗಿದ: "ಕೋಳಿ ಎ.ಸಿ.ಯಲ್ಲಿ, ಯಜಮಾನ ಬಿಸಿಲಲ್ಲಿ! ಸ್ಟಿಕ್ಕರು ಯಾರದ್ದು, ಓದಿ ಮಾರಾಯ್ರೆ!" ಆ ಕೂಗು ಕೇಳಿ ನಾವಿಬ್ಬರೂ ಅಂಗಡಿಯಿಂದ ಓಡಿಬಂದೆವು.

ಕಾರಿನ ಯಜಮಾನರು ಗಾಜು ಒಡೆಯಲು ಕಲ್ಲೆತ್ತಿದರು. ಅಜ್ಜಿ ಕೈ ಹಿಡಿದರು. "ಗಾಜು ತಾಗಿ ಕೋಳಿಗೆ ರಕ್ತ ಬಂದರೆ?"

"ರಾತ್ರಿಗೆ ಹೇಗೂ..."

"ಅದು ರಾತ್ರಿಗೆ. ಈಗಲ್ಲ!"

ಆಸುಪಾಸಿನ ಮೆಕ್ಯಾನಿಕ್‌ಗಳೆಲ್ಲ ಒಂದೊಂದು ಕೈ ನೋಡಿ ಸೋತರು. ನಮ್ಮ ಮನೆಯವರು ಗಾಜಿನ ರಬ್ಬರಿನ ಸಂದಿಯಲ್ಲಿ ಕಬ್ಬಿಣದ ಪಟ್ಟಿ ಇಳಿಸಿ ಗುಂಡಿ ಎತ್ತಲು ಹೋದರೆ, ಹುಂಜ ಅದನ್ನು ಹಾವೆಂದುಕೊಂಡು ಕುಕ್ಕಿ ಕುಕ್ಕಿ ಬೀಳಿಸಿತು. ಒಮ್ಮೆ ಹೇಗೋ ಗುಂಡಿ ಮೇಲೆದ್ದಿತು. ಎಲ್ಲರೂ "ಹೋ" ಎಂದರು. ಆ ಗದ್ದಲಕ್ಕೆ ಬೆಚ್ಚಿದ ಹುಂಜ ಮತ್ತೆ ಅದರ ಮೇಲೆಯೇ ನಿಂತಿತು. ಟಪ್.

ಕೊನೆಗೆ ನಾನು ಒಂದು ಹಿಡಿ ಅಕ್ಕಿ ತಂದು ಎಡಗಡೆಯ ಗಾಜಿಗೆ ತೋರಿಸಿ "ಬಾ ಬಾ" ಎಂದೆ. ಹುಂಜ ಆಚೆ ಹಾರಿತು, ಪಟ್ಟಿ ಈಚೆ ಗುಂಡಿ ಎತ್ತಿತು, ಬಾಗಿಲು ತೆರೆಯಿತು. ಅಜ್ಜಿ ಹುಂಜವನ್ನು ಎತ್ತಿಕೊಂಡು ಮೈದಡವಿದರು.

ಆ ಸಂಜೆ ನಮ್ಮ ಮನೆಯವರು ಊಟ ಮಾಡಲಿಲ್ಲ. "ವಿಜಾಪುರದ ಬಸ್ಸು ಎಷ್ಟಕ್ಕ ಐತಿ, ಕೇಳಿ ಇಡು" ಎಂದರು.

ಬೆಳಿಗ್ಗೆ ಅಂಗಡಿಯ ಎದುರು ಸಾಲಾಗಿ ಕಾರುಗಳು ನಿಂತಿದ್ದವು. ಜಗಳಕ್ಕೇ ಬಂದಿದ್ದಾರೆಂದು ನಾನು ಹೆದರುತ್ತ ಹೊರಗೆ ಬಂದೆ. ಮುಂದಿದ್ದ ಮೂಡುಬಿದಿರೆಯವರು ಕೈಮುಗಿದರು.

"ಅಕ್ಕ, ಆ ಕೋಳಿಯ ಕಾರಿಗೆ ಹಾಕಿದ್ದೇ ನಮಗೂ ಬೇಕು. ಕೋಳಿ ಹಾಕಿದ ಬೀಗ ತೆಗೆಯಲಿಕ್ಕೆ ಇಡೀ ಬಿ.ಸಿ.ರೋಡು ಸೇರಬೇಕಾಯಿತಂತೆ. ಇನ್ನು ಮನುಷ್ಯ ಹಾಕಿದರೆ ಎಷ್ಟು ಗಟ್ಟಿ ಇರ್ಬಹುದು!"